ಒಂದು ಪಿಯಾನೋ, ಇಬ್ಬರು ವಾದಕರು

1876ರ ನವೆಂಬರ್ 4ರಂದು ಜರ್ಮನಿಯ ಕಾರ್ಲ್ಸ್‌ರುಹೆ ನಗರದಲ್ಲಿ ಯೋಹಾನೆಸ್ ಬ್ರಾಹ್ಮ್ಸ್‌ನ ಮೊದಲನೆಯ ಸಿಂಫನಿಯನ್ನು ವಾದ್ಯವೃಂದವು ಪ್ರಥಮತಃ ನುಡಿಸಿದಾಗ, ಅದನ್ನು ಕೇಳುವ ಭಾಗ್ಯವು ಆ ಸಭಾಂಗಣದಲ್ಲಿ ಹಿಡಿಸುವಷ್ಟು ಜನಕ್ಕೆ ಮಾತ್ರವೇ ಒದಗಿತು. ಧ್ವನಿಯನ್ನು ಯಂತ್ರದಲ್ಲಿ ಹಿಡಿದಿಟ್ಟು ಬೇಕೆಂದಾಗ ಕೇಳುವ ಉಪಾಯವು ಲೋಕಕ್ಕೆ ಇನ್ನೂ ತಿಳಿದಿರಲಿಲ್ಲ. ಎಡಿಸನ್ನನ ಫೋನೋಗ್ರಾಫು ಬಂದದ್ದು ಮರುವರ್ಷ, ಅಂತಹ ಯಂತ್ರವು ಸಂಗೀತವನ್ನು ಕಿವಿಗೆ ಹಿತವಾಗುವಂತೆ ನುಡಿಯತೊಡಗಿದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ಹೀಗಿರಲು, ದೊಡ್ಡ ವಾದ್ಯವೃಂದದ ಸೌಕರ್ಯವಿಲ್ಲದ ಒಂದು ಸಣ್ಣ ಊರಿನ ಉಪಾಧ್ಯಾಯನೋ ವೈದ್ಯನೋ ವರ್ತಕನೋ, ಪತ್ರಿಕೆಗಳಲ್ಲಿ ಅಷ್ಟೊಂದು ಚರ್ಚೆಗೆ ಈಡಾದ ಆ ಕೃತಿಯ ಪರಿಚಯವನ್ನು ಪಡೆಯುವ ಬಗೆ ಯಾವುದು? ಸಿಂಫನಿಯನ್ನು ಒಂದೇ ಪಿಯಾನೋದ ಮೇಲೆ ಇಬ್ಬರು ನಾಲ್ಕು ಕೈಗಳಿಂದ ನುಡಿಸಲು ಅನುವಾಗುವಂತೆ ಬ್ರಾಹ್ಮ್ಸ್‌ನೇ ಸ್ವತಃ ಅಳವಡಿಸಿ ಅಚ್ಚು ಹಾಕಿಸಿದ್ದ ಪುಸ್ತಕವನ್ನು ಅವನು ಅಂಗಡಿಯಿಂದ ಕೊಂಡು ತರುತ್ತಿದ್ದನು. ಸಂಜೆ ದೀಪ ಹಚ್ಚಿದ ಮೇಲೆ ಹೆಂಡತಿಯೊಡನೆಯೋ ಮಗಳೊಡನೆಯೋ ನೆರೆಮನೆಯ ಮಿತ್ರನೊಡನೆಯೋ ವಾದ್ಯದ ಮುಂದೆ ಕುಳಿತು, ತಪ್ಪುತ್ತ, ನಿಲ್ಲುತ್ತ, ಮತ್ತೆ ಹಿಂದಿನ ಪುಟಕ್ಕೆ ಹೋಗುತ್ತ, ಆ ಮಹಾಕೃತಿಯನ್ನು ತನ್ನ ಬೆರಳುಗಳಿಂದಲೇ ತಿಳಿದುಕೊಳ್ಳುತ್ತಿದ್ದನು.

ಪಾಶ್ಚಾತ್ಯ ಸಂಗೀತದ ಚರಿತ್ರೆಯನ್ನು ಬರೆಯತಕ್ಕವರು ಚರ್ಚುಗಳನ್ನೂ ರಾಜಾಸ್ಥಾನಗಳನ್ನೂ ಆಪೆರಾ ಮಂದಿರಗಳನ್ನೂ ವಿಸ್ತಾರವಾಗಿ ವರ್ಣಿಸುವರು. ಆದರೆ ಹದಿನೆಂಟನೆಯ ಶತಮಾನದ ಅಂತ್ಯಭಾಗದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಯುರೋಪಿನ ಮಧ್ಯಮವರ್ಗದ ಸಾಮಾನ್ಯ ಗೃಹಗಳಲ್ಲಿ, ಕೇಳುವವರು ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂಬ ಭಾವದಿಂದ ನಡೆಯುತ್ತಿದ್ದ ಈ ಜೋಡಿವಾದನಕ್ಕೆ ಆ ಗ್ರಂಥಗಳಲ್ಲಿ ದೊರೆಯುವ ಸ್ಥಳ ಅತ್ಯಲ್ಪ. ಇದು ಅನ್ಯಾಯವೆಂದು ನನ್ನ ಭಾವನೆ. ಸಂಗೀತವನ್ನು ಕೇಳಿ ಮೆಚ್ಚುವುದೊಂದು ಸಂಸ್ಕಾರವಾದರೆ, ಅದನ್ನು ಮನೆಯಲ್ಲಿ ತಾವೇ ನುಡಿಸಿ ಅರಿಯುವುದು ಇನ್ನೂ ಆಳವಾದ ಸಂಸ್ಕಾರ. ಅದನ್ನು ತಲೆತಲಾಂತರವಾಗಿ ಕಾಪಾಡಿದ ಕೀರ್ತಿ ಬಹುಮಟ್ಟಿಗೆ ಈ ಪದ್ಧತಿಗೇ ಸಲ್ಲತಕ್ಕದ್ದು.

ಇದರ ಮೂಲವು ಪಿಯಾನೋಗಿಂತ ಹಳೆಯದು. ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲೆಂಡಿನ ನಿಕೋಲಸ್ ಕಾರ್ಲ್‌ಟನ್ ಮತ್ತು ಥಾಮಸ್ ಟಾಮ್‌ಕಿನ್ಸ್ ಎಂಬಿಬ್ಬರು, ವರ್ಜಿನಲ್ ಎಂಬ ಪುಟ್ಟ ತಂತಿವಾದ್ಯದ ಮೇಲಾಗಲಿ ಆರ್ಗನ್ನಿನ ಮೇಲಾಗಲಿ ಇಬ್ಬರು ಕೂಡಿ ನುಡಿಸುವುದಕ್ಕೆಂದು ಒಂದೊಂದು ಕೃತಿಯನ್ನು ರಚಿಸಿದ್ದು, ಅವು ಹಸ್ತಪ್ರತಿಯಲ್ಲಿ ಉಳಿದುಬಂದಿವೆ. ಆದರೆ ಆ ಬೀಜ ಒಂದೂವರೆ ಶತಮಾನದ ಕಾಲ ಚಿಗುರಲಿಲ್ಲ. ವಾದ್ಯಗಳು ಚಿಕ್ಕವು, ಸ್ಥಾಯಿಗಳು ಕಡಮೆ. ಇಬ್ಬರು ಹೆಗಲು ತಾಗಿಸಿ ಕುಳಿತರೆ ಕೈಯಾಡಿಸಲು ಎಡೆಯೇ ಸಾಲದು. 1777ರಲ್ಲಿ ಇಂತಹ ನಾಲ್ಕು ಸೊನಾಟಗಳನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಚಾರ್ಲ್ಸ್ ಬರ್ನಿ, ಸಂಗೀತದ ಇತಿಹಾಸಕಾರನೆಂದೇ ಪ್ರಸಿದ್ಧನಾದವನು, ಈ ಅಡಚಣೆಯನ್ನು ಸ್ವಾನುಭವದಿಂದ ಬಲ್ಲವನಾಗಿದ್ದನು. ಬಳೆಯಾಕಾರದ ಚೌಕಟ್ಟಿನ ಮೇಲೆ ಹರಡಿಕೊಳ್ಳುವ ಅಗಲವಾದ ಲಂಗಗಳನ್ನು ಆ ಕಾಲದ ಸ್ತ್ರೀಯರು ಧರಿಸುತ್ತಿದ್ದುದರಿಂದ ಇಬ್ಬರು ಹತ್ತಿರ ಕೂರುವುದೇ ದುಸ್ತರವಾಗಿತ್ತು. ಅದಕ್ಕೆ ಪರಿಹಾರವಾಗಿ ಅವನು ಮರ್ಲಿನ್ ಎಂಬ ಯಂತ್ರಕುಶಲನಿಂದ ಐದು ಸ್ಥಾಯಿಗಳಿಗೆ ಬದಲಾಗಿ ಆರು ಸ್ಥಾಯಿಗಳುಳ್ಳ ವಾದ್ಯವೊಂದನ್ನು ಜೋಡಿವಾದನಕ್ಕೆಂದೇ ಮಾಡಿಸಿಕೊಂಡನು.

ಅದಕ್ಕೂ ಮೊದಲೇ ಲಂಡನ್ನಿನ ಜನ ಈ ವಿಧಾನವನ್ನು ಒಂದು ಚೋದ್ಯವಾಗಿ ಕಂಡಿದ್ದರು. 1765ರ ಜುಲೈ ತಿಂಗಳಲ್ಲಿ ಅಲ್ಲಿಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಜಾಹೀರಾತು, ಮೊಜಾರ್ಟ್ ಮನೆತನದ ಇಬ್ಬರು ಮಕ್ಕಳು, ಅಕ್ಕ ನಾನೆರ್ಲ್ ಮತ್ತು ಒಂಬತ್ತು ವರ್ಷದ ತಮ್ಮ ವೋಲ್ಫ್‌ಗಾಂಗ್, ಒಂದೇ ಹಾರ್ಪ್ಸಿಕಾರ್ಡಿನ ಮೇಲೆ ನಾಲ್ಕು ಕೈಗಳಿಂದ, ಅದೂ ಕೀಲಿಗಳು ಕಾಣದಂತೆ ಕರವಸ್ತ್ರವನ್ನು ಹೊದಿಸಿ ನುಡಿಸುವರೆಂದು ಸಾರಿತ್ತು. ಹದಿನೈದು ವರ್ಷಗಳ ತರುವಾಯ ಸಾಲ್ಜ್‌ಬರ್ಗಿನಲ್ಲಿ ಯೋಹಾನ್ ನೆಪೊಮುಕ್ ಡೆಲ್ಲಾ ಕ್ರೋಚೆ ಬರೆದ ಕುಟುಂಬಚಿತ್ರದಲ್ಲಿಯೂ ಅಕ್ಕತಮ್ಮಂದಿರು ಅದೇ ಭಂಗಿಯಲ್ಲಿದ್ದಾರೆ. ಅವರ ಕೈಗಳು ಒಂದನ್ನೊಂದು ಹಾಯ್ದಿವೆ. ಪಿಟೀಲನ್ನು ಹಿಡಿದ ತಂದೆ ಲಿಯೊಪೋಲ್ಡ್ ಪಕ್ಕದಲ್ಲಿದ್ದಾನೆ. 1778ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ತಾಯಿ ಗೋಡೆಯ ಮೇಲಿನ ಅಂಡಾಕಾರದ ಪಟದಲ್ಲಿ ಇದ್ದಾಳೆ. ಒಂದು ಸಂಸಾರವು ತನ್ನನ್ನು ಲೋಕಕ್ಕೆ ತೋರಿಸಿಕೊಳ್ಳಬಯಸಿದಾಗ ಈ ಭಂಗಿಯನ್ನು ಆರಿಸಿತೆಂಬುದೇ ಆ ವಾದನಕ್ಕೆ ಅವರು ಕೊಟ್ಟಿದ್ದ ಬೆಲೆಯನ್ನು ಹೇಳುತ್ತದೆ.

ಮೊಜಾರ್ಟನು ಪ್ರೌಢನಾದ ಮೇಲೆ ಬರೆದ ಎರಡು ಸೊನಾಟಗಳು, 1786ರದೂ 1787ರದೂ, ಈ ಪ್ರಕಾರವನ್ನು ಮಕ್ಕಳ ಚಮತ್ಕಾರದ ಮಟ್ಟದಿಂದ ಎತ್ತಿ ಗಂಭೀರ ಸಂಗೀತದ ಪಂಕ್ತಿಯಲ್ಲಿ ಕುಳ್ಳಿರಿಸಿದುವು. ಎರಡನೆಯದನ್ನು ಅವನು ತನ್ನ ಕೃತಿಗಳ ಪಟ್ಟಿಯಲ್ಲಿ ದಾಖಲು ಮಾಡಿದ್ದು 1787ರ ಮೇ 29ರಂದು; ಅದರ ಹಿಂದಿನ ದಿನ ಸಾಲ್ಜ್‌ಬರ್ಗಿನಲ್ಲಿ ತಂದೆ ಕಾಲವಾಗಿದ್ದನು. ಆ ಸೊನಾಟವನ್ನು ತನ್ನ ಶಿಷ್ಯೆ ಫ್ರಾನ್ಸಿಸ್ಕಾಳಿಗೆ ತಲಪಿಸಬೇಕೆಂದೂ, ಅದು ತುಸು ಕಷ್ಟವಾದದ್ದಾದ್ದರಿಂದ ಆಕೆ ಕೂಡಲೆ ಅಭ್ಯಾಸಕ್ಕೆ ತೊಡಗಬೇಕೆಂದೂ ಆಕೆಯ ಅಣ್ಣನಾದ ಗಾಟ್‌ಫ್ರೀಡ್ ಫಾನ್ ಜಾಕ್ವಿನ್ನನಿಗೆ ಬರೆದ ಚೀಟಿಯಲ್ಲಿಯೇ ಪಿತೃವಿಯೋಗದ ಸುದ್ದಿಯೂ ಇದೆ. ಹೈಡನ್ನನ ‘ಗುರು ಮತ್ತು ಶಿಷ್ಯ’ ಎಂಬರ್ಥದ ಹೆಸರಿನ ಕೃತಿಯಂತೂ ಪಾಠದ ಕ್ರಮವನ್ನೇ ಸಂಗೀತವಾಗಿಸಿದೆ: ಮಂದ್ರದಲ್ಲಿ ಕುಳಿತ ಗುರು ಒಂದು ಪುಟ್ಟ ವಾಕ್ಯವನ್ನು ನುಡಿಸುತ್ತಾನೆ, ತಾರದಲ್ಲಿ ಕುಳಿತ ಶಿಷ್ಯ ಅದನ್ನೇ ಒಪ್ಪಿಸುತ್ತಾನೆ, ನಮ್ಮಲ್ಲಿ ಗುರು ಒಂದಾವರ್ತ ಹಾಡಿ ಶಿಷ್ಯನಿಂದ ಹೇಳಿಸುವ ಪರಿಪಾಠವನ್ನು ಕಂಡವರಿಗೆ ಇದರ ವಿವರಣೆ ಬೇಕಾಗಿಲ್ಲ.

ಈ ವಾದನದ ಒಳಮರ್ಮವನ್ನು ತಿಳಿಯಬೇಕಾದರೆ ವಾದಕರ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಬೇಕು. ಇಬ್ಬರು ಪಿಟೀಲು ವಿದ್ವಾಂಸರು ಜೋಡಿಯಾಗಿ ನುಡಿಸುವಾಗ ಅವರವರ ವಾದ್ಯ ಅವರವರ ಕೈಯಲ್ಲಿರುತ್ತದೆ. ಇಲ್ಲಿ ಹಾಗಲ್ಲ, ಒಂದೇ ಎಲೆಯಲ್ಲಿ ಇಬ್ಬರು ಉಣ್ಣಲು ಕುಳಿತಂತೆ, ಇರುವ ಜಾಗವನ್ನು ಹಂಚಿಕೊಳ್ಳಬೇಕು. ಬಲಗಡೆ ಕುಳಿತು ಮೇಲಿನ ಸ್ಥಾಯಿಗಳನ್ನು ನುಡಿಸುವ ಭಾಗಕ್ಕೆ ಪ್ರಿಮೊ ಎಂದೂ, ಎಡಗಡೆಯದಕ್ಕೆ ಸೆಕೊಂಡೊ ಎಂದೂ ಹೆಸರು. ಹಳೆಯ ಮುದ್ರಣಗಳಲ್ಲಿ ಎಡಪುಟದಲ್ಲಿ ಸೆಕೊಂಡೊ, ಬಲಪುಟದಲ್ಲಿ ಪ್ರಿಮೊ; ಇಬ್ಬರೂ ಪುಟದ ಕೊನೆಯ ಆವರ್ತವನ್ನು ಏಕಕಾಲದಲ್ಲಿ ಮುಟ್ಟುವಂತೆ ಅಚ್ಚಿನವನು ಲೆಕ್ಕವಿಟ್ಟು ಜೋಡಿಸಿರಬೇಕು, ಇಲ್ಲವಾದರೆ ಪುಟ ತಿರುಗಿಸುವಾಗ ಒಬ್ಬನ ಸಂಗೀತ ಕಡಿದುಹೋಗುತ್ತದೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಪೆಡಲಿನ ವಿಷಯ. ಸ್ವರಗಳನ್ನು ತಡೆಯಿಲ್ಲದೆ ಅನುರಣಿಸುವಂತೆ ಮಾಡುವ ಆ ಪೆಡಲು ಇರುವುದು ಒಂದೇ. ಅದನ್ನು ಸಾಮಾನ್ಯವಾಗಿ ಒತ್ತುವವನು ಸೆಕೊಂಡೊ. ಆದರೆ ಅದರಿಂದ ಮೆರುಗು ಪಡೆಯಬೇಕಾದ ರಾಗಾಲಾಪವು ಬಹುಪಾಲು ಪ್ರಿಮೊವಿನ ಬೆರಳುಗಳಲ್ಲಿದೆ. ಆದುದರಿಂದ ಎಡಗಡೆಯವನು ತನ್ನ ಕೈಯನ್ನು ಮರೆತು ಪಕ್ಕದವರ ಉಸಿರನ್ನು ಕೇಳಿ ಪಾದವನ್ನು ಎತ್ತಿಳಿಸಬೇಕಾಗುತ್ತದೆ. ಕೀಲಿಮಣೆಯ ನಟ್ಟನಡುವೆ ಒಬ್ಬರ ಬಲಗೈ, ಇನ್ನೊಬ್ಬರ ಎಡಗೈ ಪದೇಪದೇ ಸಂಧಿಸುವುವು; ಒಬ್ಬರು ಈಗತಾನೆ ಬಿಟ್ಟ ಕೀಲಿಯನ್ನೇ ಮತ್ತೊಬ್ಬರು ಕ್ಷಣಾರ್ಧದಲ್ಲಿ ಒತ್ತಬೇಕಾದರೆ, ಮೊದಲನೆಯವರು ತಮ್ಮ ಸ್ವರಕ್ಕೆ ಬರೆದ ಕಾಲಪ್ರಮಾಣಕ್ಕಿಂತ ಕೂದಲೆಳೆಯಷ್ಟು ಮುಂಚೆ ಬೆರಳನ್ನು ಎತ್ತಬೇಕು. ಸರಿಯಾದ ಜೋಡಿಗೆ ಇವೆಲ್ಲ ಮಾತಿಲ್ಲದೆ ಸಿದ್ಧಿಸುತ್ತವೆ, ಸರಿಬೀಳದ ಜೋಡಿಗೆ ಎಷ್ಟು ಮಾತಾಡಿದರೂ ಸಿದ್ಧಿಸುವುದಿಲ್ಲ.

ಇಂತಹ ಸಾಮೀಪ್ಯವನ್ನು ಅದರ ಎಲ್ಲ ಸುಖದುಃಖಗಳೊಡನೆ ಸಂಗೀತಕ್ಕೆ ಇಳಿಸಿದ ಮಹಾಪುರುಷನು ಫ್ರಾನ್ಜ್ ಶೂಬರ್ಟ್. ಹದಿಮೂರನೆಯ ವಯಸ್ಸಿನಲ್ಲಿ, 1810ರಲ್ಲಿ, ಅವನು ಬರೆದ ಕೃತಿಯೊಂದು ನಾಲ್ಕು ಕೈಗಳ ಫ್ಯಾಂಟಸಿ. ಮೂವತ್ತೊಂದನೆಯ ವಯಸ್ಸಿನಲ್ಲಿ, ಬದುಕಿನ ಕೊನೆಯ ವರ್ಷದಲ್ಲಿ, ಬರೆದ ಅತ್ಯುತ್ತಮ ಕೃತಿಗಳಲ್ಲಿ ಮೂರು ನಾಲ್ಕು ಇದೇ ಪ್ರಕಾರದವು. ಈ ನಡುವೆ ಮೂವತ್ತಕ್ಕೂ ಮಿಕ್ಕ ರಚನೆಗಳು ಅವನಿಂದ ಬಂದುವು. ಇಷ್ಟು ಸಂಪತ್ತನ್ನು ಈ ಪ್ರಕಾರಕ್ಕೆ ಕೊಟ್ಟ ಇನ್ನೊಬ್ಬ ಮೇಧಾವಿ ಇಲ್ಲ. ಇದಕ್ಕೆ ಲೌಕಿಕವಾದ ಕಾರಣವೊಂದುಂಟು. 1818ರ ಬೇಸಿಗೆಯಲ್ಲಿಯೂ ಪುನಃ 1824ರಲ್ಲಿಯೂ ಅವನು ಆಗ ಹಂಗೆರಿಗೆ ಸೇರಿದ್ದ, ಈಗ ಸ್ಲೊವಾಕಿಯದಲ್ಲಿರುವ, ಸೆಲಿಜ್ ಎಂಬ ಗ್ರಾಮದಲ್ಲಿ ಎಸ್ಟರ್‌ಹಾಜಿ ಮನೆತನದ ಕೌಂಟನೊಬ್ಬನ ಪುತ್ರಿಯರಾದ ಮಾರಿ ಮತ್ತು ಕರೊಲಿನಾ ಇವರಿಗೆ ಸಂಗೀತದ ಉಪಾಧ್ಯಾಯನಾಗಿದ್ದನು. ಕುಲೀನ ಕನ್ಯೆಯ ಪಕ್ಕದಲ್ಲಿ ಬಡ ಶಾಲಾಮಾಸ್ತರನ ಮಗನೊಬ್ಬನು ಅಷ್ಟು ಹತ್ತಿರ ಕುಳಿತುಕೊಳ್ಳಲು ಸಮಾಜವು ಅನುಮತಿ ಕೊಡುತ್ತಿದ್ದ ಸ್ಥಳ ಪಿಯಾನೋದ ಮುಂದಣ ಪೀಠವೊಂದೇ. ಅವನಿಗೆ ಕರೊಲಿನಾಳಲ್ಲಿ ಅನುರಾಗವಿತ್ತೆಂದು ಮಿತ್ರರು ನಂಬಿದ್ದರು. ತನಗೇಕೆ ಒಂದು ಕೃತಿಯನ್ನೂ ಅರ್ಪಿಸಿಲ್ಲವೆಂದು ಆಕೆ ಕೇಳಲು, ಹೇಗಿದ್ದರೂ ಎಲ್ಲವೂ ನಿನಗೇ ಅರ್ಪಿತವಾಗಿರುವಾಗ ಅದರ ಅಗತ್ಯವೇನೆಂದು ಅವನು ಉತ್ತರಿಸಿದನೆಂಬ ವೃತ್ತಾಂತವನ್ನು ಅವನ ಮಿತ್ರನಾದ ಷೋನ್‌ಸ್ಟೈನ್ ಹೇಳಿದ್ದಾನೆ.

ಸೆಲಿಜ್‌ನಲ್ಲಿ 1824ರಲ್ಲಿ ಬರೆದ ‘ಗ್ರಾಂಡ್ ಡ್ಯುಯೊ’ ಎಂಬ ಮಹಾಸೊನಾಟದ ವಿಚಾರದಲ್ಲಿ ಒಂದು ಮಾತನ್ನು ಹೇಳಲೇಬೇಕು. ಶೂಮನ್ನನಂತಹ ರಸಿಕನೂ ಇದನ್ನು ಕಂಡು, ಇದು ಕಳೆದುಹೋದ ಯಾವುದೋ ಸಿಂಫನಿಯ ಪಿಯಾನೋ ರೂಪವಿರಬೇಕೆಂದು ಊಹಿಸಿದನು. 1855ರಲ್ಲಿ ಪಿಟೀಲು ವಿದ್ವಾಂಸ ಯೋಅಕಿಮ್ ಅದನ್ನು ವಾದ್ಯವೃಂದಕ್ಕೆ ಅಳವಡಿಸಿಯೂ ಬಿಟ್ಟನು. ಆದರೆ ಶೂಬರ್ಟನ ಸ್ವಹಸ್ತದ ಪ್ರತಿಯಲ್ಲಿ ಅದು ನಾಲ್ಕು ಕೈಗಳ ಪಿಯಾನೋ ಸೊನಾಟವೆಂದೇ ಸ್ಪಷ್ಟವಾಗಿದೆ. ನಾಲ್ಕು ಕೈಗಳ ಸಂಗೀತವೆಂದರೆ ಬೇರೊಂದರ ಪ್ರತಿರೂಪವಷ್ಟೇ, ದೊಡ್ಡ ಭಾವಕ್ಕೆ ದೊಡ್ಡ ವೃಂದವೇ ಬೇಕು ಎಂಬ ಪೂರ್ವಗ್ರಹವು ಎಷ್ಟು ಬಲವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

1828ರ ಜನವರಿಯಿಂದ ಮಾರ್ಚಿಯವರೆಗೆ ಅವನು ರಚಿಸಿದ ಎಫ್ ಮೈನರ್ ಫ್ಯಾಂಟಸಿಯು ಈ ಪ್ರಕಾರದ ಶಿಖರ. ಸೆಕೊಂಡೊ ಮೆಲ್ಲಗೆ ಒಡೆದ ಸ್ವರಸಮೂಹಗಳನ್ನು ಅಲೆಯಾಡಿಸಲಾರಂಭಿಸುವನು. ಅದರ ಮೇಲೆ ಪ್ರಿಮೊ ಒಂದೇ ಸ್ವರವನ್ನು ಹಿಡಿದು ತಟ್ಟಿ, ಅಲ್ಲಿಂದ ಮೇಲಕ್ಕೆ ನೆಗೆದು, ಮತ್ತೆ ಅದೇ ಸ್ವರಕ್ಕೆ ಹಿಂದಿರುಗುವನು. ಹೇಳಬೇಕಾದುದನ್ನು ಹೇಳಲಾರದೆ ಮತ್ತೆ ಮತ್ತೆ ಮೊದಲಿನಿಂದ ಆರಂಭಿಸುವ ಮನುಷ್ಯನ ರೀತಿ ಅದು. ಅದೇ ರಾಗವು ಸ್ವಲ್ಪ ಮುಂದೆ ಮೇಜರಿಗೆ ತಿರುಗಿದಾಗ ದುಃಖವು ಕಡಮೆಯಾಗುವುದರ ಬದಲು ಇಮ್ಮಡಿಸಿದಂತೆ ನನಗೆ ಯಾವಾಗಲೂ ಅನ್ನಿಸಿದೆ. ಅನಂತರ ಅರ್ಧಸ್ವರದಷ್ಟು ಮೇಲೆ, ಎಫ್ ಶಾರ್ಪ್ ಮೈನರಿನಲ್ಲಿ, ಕಠೋರವಾದ ವಿಳಂಬಗತಿಯ ಭಾಗ. ಆಮೇಲೆ ಅದೇ ಶ್ರುತಿಯಲ್ಲಿ ಚುರುಕಾದ ಸ್ಕೆರ್ಟ್ಸೊ. ಕಟ್ಟಕಡೆಗೆ ಮೂಲಶ್ರುತಿಗೆ ಮರಳಿ ಫ್ಯೂಗ್, ಎಂದರೆ ಒಂದೇ ಪಲ್ಲವಿಯನ್ನು ನಾಲ್ಕೂ ಕೈಗಳು ಒಂದರ ಹಿಂದೊಂದು ಎತ್ತಿಕೊಂಡು ಬೆನ್ನಟ್ಟುವ ರಚನೆ. ಅದು ಏರುತ್ತ ಏರುತ್ತ ತಾರಕಕ್ಕೆ ಮುಟ್ಟಿ, ಪೂರೈಸದೆ, ಥಟ್ಟನೆ ನಿಂತುಬಿಡುತ್ತದೆ. ನಿಶ್ಶಬ್ದ. ಮೊದಲಿನ ರಾಗ ತಿರುಗಿ ಬರುತ್ತದೆ. ಇಬ್ಬರ ಬಲವನ್ನೂ ಕೂಡಿಸಿದರೂ ಗೆಲ್ಲಲಾಗದ ಯಾವುದೋ ಒಂದರ ಮುಂದೆ ಸಂಗೀತವು ಸೋತು ನಿಂತ ಆ ಕ್ಷಣವನ್ನು ಒಬ್ಬನೇ ವಾದಕನಿಗೆಂದು ಬರೆದಿದ್ದರೆ ಅದಕ್ಕೆ ಈ ಅರ್ಥ ಬರುತ್ತಿರಲಿಲ್ಲ. ಮೇ 9ರಂದು ಶೂಬರ್ಟನೂ ಮಿತ್ರನಾದ ಲಾಖ್ನರನೂ ಇದನ್ನು ನಾಟಕಕಾರ ಬೌವರ್ನ್‌ಫೆಲ್ಡನ ಮುಂದೆ ನುಡಿಸಿದರು. ನವೆಂಬರ್ 19ರಂದು ಶೂಬರ್ಟ್ ತೀರಿಕೊಂಡನು. ಮರುವರ್ಷದ ಮಾರ್ಚಿಯಲ್ಲಿ ಡಿಯಾಬೆಲ್ಲಿಯ ಪ್ರಕಾಶನದಿಂದ ಹೊರಬಂದ ಪುಸ್ತಕದ ಮೊದಲ ಪುಟದಲ್ಲಿ ಕರೊಲಿನಾಳ ಹೆಸರಿನ ಅರ್ಪಣೆಯಿತ್ತು.

ಶೂಬರ್ಟನ ತರುವಾಯದ ಕಥೆ ಬಹುಮಟ್ಟಿಗೆ ಪ್ರಕಾಶಕರ ಕಥೆ. ಪಿಯಾನೋಗಳು ಕಾರ್ಖಾನೆಗಳಲ್ಲಿ ತಯಾರಾಗಿ ಅಗ್ಗವಾದವು, ಸ್ಥಾಯಿಗಳು ಏಳಕ್ಕೆ ಏರಿದವು, ಮಧ್ಯಮವರ್ಗದ ಹೆಣ್ಣುಮಕ್ಕಳಿಗೆ ಪಿಯಾನೋ ಕಲಿಸದ ಮನೆಯೇ ಇಲ್ಲವೆಂಬಂತಾಯಿತು. ಬೀಥೋವನ್ನನ ಶಿಷ್ಯ ಚೆರ್ನಿ ಗುರುವಿನ ಸಿಂಫನಿಗಳನ್ನು ನಾಲ್ಕು ಕೈಗಳಿಗೆ ಇಳಿಸಿದನು. 1869ರಲ್ಲಿ ಜಿಮ್ರಾಕ್ ಪ್ರಕಟಿಸಿದ ‘ಹಂಗೆರಿಯ ನೃತ್ಯಗಳು’ ಬ್ರಾಹ್ಮ್ಸ್‌ನ ಹೆಸರನ್ನು ಮನೆಮನೆಗೂ ಒಯ್ದುವು. ಆ ಲಾಭವನ್ನು ಕಂಡ ಜಿಮ್ರಾಕ್, ಬ್ರಾಹ್ಮ್ಸ್‌ನ ಶಿಫಾರಸಿನಿಂದ ಪರಿಚಿತನಾದ ಪ್ರಾಗಿನ ಬಡ ಸಂಗೀತಗಾರ ಡ್ವೊರ್ಝಾಕನಿಂದ 1878ರಲ್ಲಿ ಎಂಟು ‘ಸ್ಲಾವ್ ನೃತ್ಯ’ಗಳನ್ನು ಬರೆಸಿ, 300 ಮಾರ್ಕುಗಳನ್ನು ಕೊಟ್ಟು, ತಾನು ಅದರ ಎಷ್ಟೋ ಪಟ್ಟು ಗಳಿಸಿದನು. ಇಂದು ವಾದ್ಯವೃಂದಗಳು ಘನಗರ್ಜನೆಯಿಂದ ನುಡಿಸುವ ಆ ನೃತ್ಯಗಳು ಮೊದಲು ಹುಟ್ಟಿದ್ದು ಮನೆಯ ಪಿಯಾನೋಕ್ಕಾಗಿ ಎಂಬುದನ್ನು ಈಗ ನೆನೆಯುವವರು ಕಡಮೆ.

ಫ್ರಾನ್ಸಿನವರು ಈ ಪ್ರಕಾರವನ್ನು ಮಕ್ಕಳ ಲೋಕಕ್ಕೆ ಹಿಂದಿರುಗಿಸಿದರು. ಬಿಜೆ 1871ರಲ್ಲಿ ಮಕ್ಕಳ ಆಟಗಳನ್ನು ಕುರಿತು ಹನ್ನೆರಡು ತುಣುಕುಗಳನ್ನು ಬರೆದನು. ಫೋರೆ ಡಾಲಿ ಎಂಬ ಅಡ್ಡಹೆಸರಿನ ಪುಟ್ಟ ಹುಡುಗಿಗಾಗಿ ಬರೆದನು. ರವೆಲ್ ತನ್ನ ಮಿತ್ರರಾದ ಗೋದೆಬ್ಸ್ಕಿ ದಂಪತಿಗಳ ಮಕ್ಕಳಾದ ಮಿಮಿ ಮತ್ತು ಜಾನ್ ಇವರಿಗಾಗಿ ಅಜ್ಜಿಕಥೆಗಳನ್ನು ಆಧರಿಸಿ ಐದು ತುಣುಕುಗಳನ್ನು 1908ರಿಂದ 1910ರವರೆಗೆ ರಚಿಸಿದನು. ಪುಟ್ಟ ಕೈಗಳಿಗೆ ನಿಲುಕದಷ್ಟು ದೂರದ ಸ್ವರಗಳನ್ನು ಅವನು ಎಲ್ಲಿಯೂ ಬರೆಯಲಿಲ್ಲ. ಚೀನೀ ಗೊಂಬೆಗಳ ರಾಣಿಯ ಕಥೆಯಲ್ಲಿ ಪ್ರಿಮೊ ಬಹುತೇಕ ಕಪ್ಪು ಕೀಲಿಗಳ ಮೇಲೆಯೇ ಓಡಾಡುವಂತೆ ಮಾಡಿದ್ದರಿಂದ, ನಮ್ಮ ಮೋಹನ ರಾಗವನ್ನು ನೆನಪಿಗೆ ತರುವ ಐದು ಸ್ವರಗಳ ಛಾಯೆ ಮಗುವಿನ ಬೆರಳಿಗೆ ತಾನಾಗಿ ಬಂದೊದಗುತ್ತದೆ. 1910ರ ಏಪ್ರಿಲ್ 20ರಂದು ಪ್ಯಾರಿಸ್ಸಿನಲ್ಲಿ ಇದನ್ನು ಪ್ರಥಮವಾಗಿ ನುಡಿಸಿದವರು ಬೇರೆ ಇಬ್ಬರು ಬಾಲಕಿಯರು. ಎರಡು ವರ್ಷಗಳ ಮೇಲೆ ಅದೇ ನಗರದ ಹೊರವಲಯದ ಮನೆಯೊಂದರಲ್ಲಿ ಸ್ಟ್ರಾವಿನ್ಸ್ಕಿಯೂ ಡೆಬ್ಯುಸಿಯೂ ಪಕ್ಕಪಕ್ಕದಲ್ಲಿ ಕುಳಿತು ‘ವಸಂತದ ವಿಧಿ’ ಎಂಬ ಕೃತಿಯನ್ನು ನುಡಿಸಿದರು. ಮುಂದಿನ ವರ್ಷ ರಂಗದ ಮೇಲೆ ಕೋಲಾಹಲವನ್ನೆಬ್ಬಿಸಿದ ಆ ಸಂಗೀತವು ಮೊದಲು ಅಚ್ಚಾದದ್ದೂ ನಾಲ್ಕು ಕೈಗಳ ರೂಪದಲ್ಲಿಯೇ.

ಗ್ರಾಮಫೋನು ಮತ್ತು ರೇಡಿಯೋ ಬಂದುವು, ಮನೆಯ ಜೋಡಿವಾದನ ಕ್ಷೀಣಿಸಿತು. ತಟ್ಟೆಯನ್ನು ತಿರುಗಿಸಿದರೆ ವಿಯೆನ್ನಾದ ವೃಂದವೇ ಕೋಣೆಗೆ ಬರುವಾಗ ತಪ್ಪುತಪ್ಪಾಗಿ ನುಡಿಸಿ ಕಲಿಯುವ ತಾಳ್ಮೆ ಯಾರಿಗಿರುತ್ತದೆ? ಹಾಗೆಂದು ಆ ಯಂತ್ರವನ್ನು ನಿಂದಿಸುವ ಮನಸ್ಸು ನನಗಿಲ್ಲ. ಸ್ವತಃ ಪಿಯಾನೋವನ್ನು ಬಲ್ಲವರಾಗಿದ್ದ ನಮ್ಮ ಮೈಸೂರಿನ ಜಯಚಾಮರಾಜ ಒಡೆಯರವರು, ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ವೃದ್ಧ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಡ್ಟ್‌ನರನ ಕೃತಿಗಳು ಅವನ ಕೈಯಿಂದಲೇ ಧ್ವನಿಮುದ್ರಿತವಾಗುವಂತೆ 1940ರ ದಶಕದ ಕೊನೆಯಲ್ಲಿ ಧನಸಹಾಯ ಮಾಡದಿದ್ದರೆ, ಆ ವಾದನವು ಇಂದಿನವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಯಂತ್ರವು ಒಂದನ್ನು ಕಸಿದುಕೊಂಡಿತು, ಇನ್ನೊಂದನ್ನು ಉಳಿಸಿಕೊಟ್ಟಿತು. ಮನೆಯಿಂದ ಹೊರಬಿದ್ದ ಈ ಸಂಗೀತವನ್ನು ಕ್ರಮೇಣ ವೇದಿಕೆಯ ದೊಡ್ಡವರು ಕೈಗೆತ್ತಿಕೊಂಡರು: 1960ರ ದಶಕದಲ್ಲಿ ಇಂಗ್ಲೆಂಡಿನ ಆಲ್ಡ್‌ಬರ್ಗ್ ಉತ್ಸವದಲ್ಲಿ ಬೆಂಜಮಿನ್ ಬ್ರಿಟನ್ನನೂ ರಷ್ಯದ ರಿಕ್ಟರನೂ ಶೂಬರ್ಟನನ್ನು ನುಡಿಸಿದರು, ಆಮೇಲೆ ಪೆರಾಹಿಯಾ ಮತ್ತು ಲುಪು ಜೋಡಿ ಎಫ್ ಮೈನರ್ ಫ್ಯಾಂಟಸಿಯನ್ನು ಧ್ವನಿಮುದ್ರಿಸಿತು.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ದಾಖಲೆ ಬೀಥೋವನ್ನನದು. 1826ರ ಮಾರ್ಚಿಯಲ್ಲಿ ಅವನ ‘ಗ್ರೋಸ್ಸೆ ಫ್ಯೂಗ್’ ಎಂಬ ಭಯಂಕರ ಗಂಭೀರವಾದ ತಂತಿವಾದ್ಯಗಳ ರಚನೆಯನ್ನು ಕೇಳಿ ವಿಯೆನ್ನಾದವರು ದಿಗ್ಭ್ರಾಂತರಾದರು. ಅರ್ಥವಾಗದ್ದನ್ನು ಮನೆಯಲ್ಲಿ ನುಡಿಸಿ ನೋಡಬೇಕೆಂಬ ಆಸೆ ಕೆಲವರಿಗಾದರೂ ಹುಟ್ಟಿ, ಪ್ರಕಾಶಕ ಆರ್ಟಾರಿಯಾ ನಾಲ್ಕು ಕೈಗಳ ರೂಪವನ್ನು ಆಂಟನ್ ಹಾಲ್ಮ್ ಎಂಬವನಿಂದ ಸಿದ್ಧಮಾಡಿಸಿದನು. ಕೈಗೆ ಕೈ ಅಡ್ಡಬಾರದಿರಲೆಂದು ಹಾಲ್ಮ್ ಸ್ವರಧಾರೆಗಳನ್ನು ಇಬ್ಬರಿಗೂ ತುಂಡರಿಸಿ ಹಂಚಿದ್ದನು. ಅದು ಬೀಥೋವನ್ನನಿಗೆ ಸಮ್ಮತವಾಗಲಿಲ್ಲ. ಕಿವಿ ಸಂಪೂರ್ಣ ಕೇಳದಾಗಿ, ದೇಹ ಸೋತಿದ್ದರೂ, ಅವನು ಇಡೀ ಕೆಲಸವನ್ನು ಹೊಸದಾಗಿ ತಾನೇ ಕೈಗೊಂಡನು; ಅಚ್ಚಾಗಿ ಬಂದದ್ದು 1827ರಲ್ಲಿ, ಅವನು ತೀರಿಕೊಂಡ ಮೇಲೆ. ಅದರ ಸ್ವಹಸ್ತಪ್ರತಿಯು 1890ರಲ್ಲಿ ಬರ್ಲಿನ್ನಿನ ಹರಾಜೊಂದರಲ್ಲಿ ಕಾಣಿಸಿಕೊಂಡು ಮಾಯವಾಗಿದ್ದು, 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಧರ್ಮಶಾಸ್ತ್ರ ವಿದ್ಯಾಲಯವೊಂದರ ಕಪಾಟಿನಲ್ಲಿ ದೊರೆಯಿತು. ಅದು ಲಂಡನ್ನಿನಲ್ಲಿ 11 ಲಕ್ಷ ಪೌಂಡುಗಳಿಗೂ ಮಿಕ್ಕಿ ಹರಾಜಾಗಿ, ಈಗ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ವಿದ್ಯಾಲಯದಲ್ಲಿದೆ. ಎಂಬತ್ತು ಪುಟಗಳ ಆ ಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳಿವೆ, ಅರಗಿನಿಂದ ಅಂಟಿಸಿದ ಹೊಸ ಹಾಳೆಗಳಿವೆ; ಇಬ್ಬರು ಗೃಹಸ್ಥರು ಒಂದು ಸಂಜೆ ನುಡಿಸಿಕೊಳ್ಳಲೆಂದು ಮಾಡಿದ ಕೆಲಸದಲ್ಲಿ ಅವನು ಅಳಿಸಿ ಅಳಿಸಿ ಬರೆದದ್ದರಿಂದ ಕೆಲವು ಕಡೆ ಕಾಗದವೇ ಸವೆದು ತೂತಾಗಿದೆ.